ಎದುರು ಮನೆಯ ಆವರ್ತನ

ನಮ್ಮ ಅತ್ತೆಗೆ ಕಿವಿ ಬಂದ ಮೂರನೇ ದಿನ, ಮಧ್ಯಾಹ್ನ ಊಟಕ್ಕೆ ಕುಳಿತಾಗ, ಎದುರು ಮನೆಯ ಹೆಸರುಕಾಳಿನ ಪಲ್ಯಕ್ಕೆ ಉಪ್ಪು ಹೆಚ್ಚಾಗಿದೆ ಎಂದು ಹೇಳಿದರು.

ನಾನು ರೊಟ್ಟಿ ಮುರಿಯುವುದನ್ನು ನಿಲ್ಲಿಸಿದೆ. ನನ್ನ ಗಂಡ ಗುರುಪಾದ ನಿಲ್ಲಿಸಲಿಲ್ಲ. ಅವರು ಹೈಸ್ಕೂಲಿನ ಗಣಿತದ ಮಾಸ್ತರರು, ಊಟದ ಹೊತ್ತಿನಲ್ಲಿ ಯಾವುದಕ್ಕೂ ನಿಲ್ಲುವವರಲ್ಲ. ಎದುರು ಮನೆಯೆಂದರೆ ಚಂಪಕ್ಕನ ಮನೆ. ಆ ಮನೆಗೂ ನಮ್ಮ ಮನೆಗೂ ಇಪ್ಪತ್ತೆರಡು ವರ್ಷಗಳಿಂದ ಮಾತಿಲ್ಲ, ಹೋಗಿಬರುವುದಿಲ್ಲ. ಆ ಮನೆಯ ಪಲ್ಯದ ರುಚಿ ಇವರಿಗೆ ಹೇಗೆ ಗೊತ್ತಾಗಬೇಕು?

"ಅತ್ತೀ, ನೀವು ಆ ಮನಿಗೆ ಹೋಗಿದ್ರೇನು?"

"ನಾ ಯಾಕ ಹೋಗ್ಲಿ? ನನಗೇನ್ ಹುಚ್ಚ ಹಿಡದೈತೇನು? ಆಕಿ ಸೊಸಿ ಹೇಳಿದ್ಲು, ಪಲ್ಲೇಕ ಉಪ್ಪ ಜಾಸ್ತಿ ಆಗೇತಿ ಅಂತ. ಅದಕ್ಕ ಚಂಪಾ ಸೊಸೀಗೆ, ನಿನ್ನ ನಾಲಿಗೀಗೆ ಉಪ್ಪ ಗೊತ್ತಿದ್ರ ನೀನ ಮಾಡ್ಬೇಕಿತ್ತು ಅಂತ ಬೈದ್ಲು."

"ಯಾವಾಗ್ರೀ?"

"ಈಗನ. ನಿನಗ ಕೇಳಲಿಲ್ಲೇನು?"

ಹೀಗೆ ಕೇಳಿ ಅತ್ತೆ ನನ್ನ ಮುಖ ನೋಡಿದರು. ಮೂರು ವರ್ಷ ಊರ ಜನ ಅವರನ್ನು ಹೇಗೆ ನೋಡುತ್ತಿದ್ದರೋ, ಹಾಗೆಯೇ ನೋಡಿದರು.

ಅವರ ಈ ಕಿವಿಯ ಬಗ್ಗೆ ಹೇಳದೆ ನಾನು ಮುಂದೆ ಹೋಗುವಂತಿಲ್ಲ, ಏಕೆಂದರೆ ಅದನ್ನು ಮಾಡಿದವಳು ನಾನೇ.

ಅತ್ತೆಯ ಹೆಸರು ದಾನಮ್ಮ. ಮೂರು ವರ್ಷದ ಹಿಂದೆ ಜ್ವರ ಬಂದು ಎರಡೂ ಕಿವಿ ಹೋದವು. ಕಿವಿಗೆ ಬಾಯಿ ಹಚ್ಚಿ ಒದರಿದರೆ ಅಷ್ಟಿಷ್ಟು ಕೇಳುತ್ತಿತ್ತು. ಆದರೆ ಒದರಿಸಿಕೊಳ್ಳುವುದು ಅವರಿಗೆ ಅವಮಾನ. ಓಣಿಯಲ್ಲಿ ಯಾರ ಮನೆಗೆ ಯಾರು ಬಂದರು ಹೋದರು ಎಂದು ಬಾಯಿಪಾಠ ಇದ್ದ ಹೆಂಗಸು, ಪಡಸಾಲೆಯ ಮೂಲೆಯ ಕುರ್ಚಿ ಹಿಡಿದು ಕುಳಿತರು. ನಾನೋ ಕಿವಿಯ ಸಾಧನ ಮಾಡುವ ಕೇಂದ್ರದಲ್ಲಿ ಎಂಜಿನಿಯರು. ಆ ಕುರ್ಚಿಯ ಮುಂದೆ ಹಾದು ದಿನಾ ಕೆಲಸಕ್ಕೆ ಹೋಗುವಾಗ ನನಗೆ ತಲೆ ಎತ್ತಲು ಆಗುತ್ತಿರಲಿಲ್ಲ.

ಗದಗ ಪಟ್ಟಣದ ಅಂಚಿನಲ್ಲಿ, ಹಳೆಯ ಹತ್ತಿ ಗಿರಣಿಯೊಂದನ್ನು ಸುಣ್ಣ ಬಳಿದು ಮಾಡಿದ ಕೇಂದ್ರ ನಮ್ಮದು. ನಾವು ಮಾಡಿದ ಸಾಧನದ ಹೆಸರು 'ಆಲಿಕೆ'. ಅದಕ್ಕೆ ಎರಡು ಭಾಗ. ಮನೆಯ ಗೋಡೆಗೆ ಒಂದು ಪೆಟ್ಟಿಗೆ. ಅದು ಫ್ಯಾನು, ಕುಕ್ಕರು, ಬಾಗಿಲಿನ ಸದ್ದನ್ನೆಲ್ಲ ಸೋಸಿ ಬರೀ ಮಾತನ್ನು ಹಿಡಿದು ರೇಡಿಯೋ ಅಲೆಯಾಗಿ ಮನೆತುಂಬ ಹರಡುತ್ತದೆ. ಕಿವಿಯ ಹಿಂದಿನ ಎಲುಬಿಗೆ ಅಂಟುವ ಒಂದು ಮಣಿ. ಅದು ಆ ಅಲೆಯನ್ನು ಹಿಡಿದು ಮಾತಾಗಿಸಿ ನರಕ್ಕೆ ಮುಟ್ಟಿಸುತ್ತದೆ. ಪೆಟ್ಟಿಗೆಯ ಅಲೆ ಬಹಳ ಎತ್ತರದ ಆವರ್ತನದ್ದು, ಅದನ್ನು ಮೊದಲು ಕೆಳಗಿಳಿಸಬೇಕು. ಇಳಿಸುವುದು ಮಣಿಯೊಳಗಿನ ಮಿಕ್ಸರ್‌ನ ಕೆಲಸ. ಚಟ್ನಿ ರುಬ್ಬುವುದಲ್ಲ, ಸಾಸಿವೆಗಿಂತ ಸಣ್ಣದೊಂದು ಚೂರು. ಅಂಕೆಯನ್ನು ಸರಳ ಮಾಡಿ ಹೇಳುತ್ತೇನೆ. ಗೋಡೆಯಿಂದ ಬಂದ ಅಲೆ ಅರವತ್ತೆರಡು ಎಂದಿಟ್ಟುಕೊಳ್ಳಿ. ಮಣಿ ತನ್ನೊಳಗೆ ಅರವತ್ತರ ಅಲೆಯೊಂದನ್ನು ಹುಟ್ಟಿಸಿಕೊಳ್ಳುತ್ತದೆ. ಮಿಕ್ಸರ್ ಎರಡನ್ನೂ ಕಲಸಿದಾಗ ಅವುಗಳ ವ್ಯತ್ಯಾಸವಾದ ಎರಡು ಹೊರಗೆ ಬರುತ್ತದೆ, ಮನೆಯ ಮಾತೆಲ್ಲ ಆ ಎರಡರ ಬೆನ್ನೇರಿ ಬರುತ್ತದೆ.

ಇಂಥ ಚೂರನ್ನು ಮಾಡಿಸುವ ಮೊದಲು ಕಂಪ್ಯೂಟರಿನಲ್ಲಿ ಓಡಿಸಿ ನೋಡುತ್ತೇವೆ. ನಮ್ಮ ತಂತ್ರಾಂಶದಲ್ಲಿ ಮಿಕ್ಸರ್‌ಗೆ ಮೂರು ಮಾದರಿಗಳಿದ್ದವು, ಯಾವುದಾದರೂ ಒಂದನ್ನು ಆರಿಸಿಕೊಳ್ಳಬೇಕು. ಮೊದಲನೆಯದು ಆದರ್ಶ ಮಾದರಿ. ಅದಕ್ಕೆ ಗುಣಾಕಾರ ಬಿಟ್ಟು ಬೇರೆ ಲೋಕವೇ ಇಲ್ಲ. ಸೋರುವುದಿಲ್ಲ, ಬೇಡದ್ದಕ್ಕೆ ಕಿವಿಗೊಡುವುದಿಲ್ಲ, ನಾಲ್ಕು ನಿಮಿಷಕ್ಕೆ ಉತ್ತರ ಕೊಡುತ್ತದೆ. ಎರಡನೆಯದು ದೋಷಪಟ್ಟಿಯ ಮಾದರಿ. ಮಿಕ್ಸರ್ ಎಲ್ಲೆಲ್ಲಿ ಎಷ್ಟೆಷ್ಟು ತಪ್ಪುತ್ತದೆ ಎಂದು ಪರೀಕ್ಷೆಗೆ ಮಾಡಿಸಿದ ಚೂರೊಂದನ್ನು ಎರಡು ದಿನ ಅಳೆದು ಅದಕ್ಕೆ ಪಟ್ಟಿ ತುಂಬಿ ಕೊಡಬೇಕು. ಮೂರನೆಯದು ಒಳಗಿನ ಪ್ರತಿಯೊಂದು ಟ್ರಾನ್ಸಿಸ್ಟರನ್ನೂ ಮಾತಾಡಿಸಿಕೊಂಡು ಬರುತ್ತದೆ. ಅದಕ್ಕೆ ಒಂಬತ್ತು ದಿನ ಬೇಕು.

ನಾಗರ ಪಂಚಮಿಗೆ ಆರು ದಿನ ಉಳಿದಿತ್ತು. ಅತ್ತೆ ಆ ಹಬ್ಬಕ್ಕಾದರೂ ಮನೆಯವರ ಮಾತು ಕೇಳಲಿ ಎಂದು ನನಗೆ ಆಸೆ. ನಮ್ಮ ಮುಖ್ಯಸ್ಥರಾದ ತೋಟಗಂಟಿ ಸರ್ ಅವರಿಗೆ, ಹಬ್ಬದ ದಿನವೇ ನಲವತ್ತು ಮನೆಗೆ ಮಣಿ ಮುಟ್ಟಿಸಿ ಪೇಪರಿನಲ್ಲಿ ಸುದ್ದಿ ಹಾಕಿಸಬೇಕೆಂಬ ಆಸೆ. ನಾನು ಆದರ್ಶ ಮಾದರಿಯನ್ನು ಆರಿಸಿದೆ. ಅದರ ಕೆಳಗೆ 'ಒಂದೇ ಮಗ್ಗುಲಿನ ಅಲೆ ಲೆಕ್ಕಕ್ಕೆ' ಎಂಬ ಪುಟ್ಟ ಚೌಕದಲ್ಲಿ ಮೊದಲೇ ಟಿಕ್ ಇತ್ತು. ಅದನ್ನು ತೆಗೆಯಬೇಕೆಂದು ನನಗೆ ಹೊಳೆಯಲಿಲ್ಲ. ಮಗ್ಗುಲು ಎರಡಿರುತ್ತವೆ ಎಂದು ನಾನು ಕಾಲೇಜಿನಲ್ಲೇ ಓದಿದ್ದೆ, ಪರೀಕ್ಷೆಯಲ್ಲಿ ಬರೆದೂ ಇದ್ದೆ. ಆದರೂ ಹೊಳೆಯಲಿಲ್ಲ. ಈಗ ನೆನೆದರೆ ನನ್ನ ಮೇಲೆ ನನಗೇ ಸಿಟ್ಟು ಬರುತ್ತದೆ.

ಗ್ರಾಫ್ ಮಾತ್ರ ನೋಡುವಂತಿತ್ತು. ಬಯಲಿನ ನಡುವೆ ಒಂದೇ ಒಂದು ಶಿಖರ, ಅಕ್ಕಪಕ್ಕ ಹುಲ್ಲುಕಡ್ಡಿಯೂ ಇಲ್ಲ.

"ಏನ್ ಚಂದ ಬಂದೈತ್ರಿ ಕುಮುದಾ ಅವ್ರ!" ಎಂದರು ತೋಟಗಂಟಿ ಸರ್. "ನನ್ನ ಸರ್ವಿಸಿನ್ಯಾಗ ಇಂಥಾ ಗ್ರಾಫ್ ನೋಡಿಲ್ಲ." ಅದಕ್ಕೆ ಕಟ್ಟು ಹಾಕಿಸಿ ತಮ್ಮ ಕುರ್ಚಿಯ ಹಿಂದೆ ತೂಗುಹಾಕಿದರು. ನಿಜವಾದ ಮಿಕ್ಸರ್ ಇಂಥ ಗ್ರಾಫ್ ಕೊಡುವುದಿಲ್ಲ ಎಂಬ ಅನುಮಾನ ಇಬ್ಬರಿಗೂ ಬರಲಿಲ್ಲ. ಚಂದ ಇರುವುದನ್ನು ಅನುಮಾನಿಸಲು ಮನಸ್ಸು ಒಪ್ಪುವುದಿಲ್ಲ.

ಯಾವ ಮನೆಗೆ ಯಾವ ಆವರ್ತನ ಎಂಬ ಪಟ್ಟಿಯನ್ನು ಸರ್ ಸ್ವತಃ ಮಾಡಿದ್ದರು. ಅವರಿಗೆ ಎಲ್ಲವೂ ಜೋಡಿಜೋಡಿಯಾಗಿ ಇರಬೇಕು. ಮೇಜಿನ ಮೇಲೆ ಪೆನ್ನುಗಳು ಕೂಡ ಎಡಕ್ಕೆ ಎರಡು, ಬಲಕ್ಕೆ ಎರಡು. ಓಣಿಯ ಸಮ ಸಂಖ್ಯೆಯ ಮನೆಗೆ ಅರವತ್ತರ ಮೇಲೆ, ಎದುರಿನ ಬೆಸ ಸಂಖ್ಯೆಯ ಮನೆಗೆ ಅಷ್ಟೇ ಕೆಳಗೆ. ಎಂಟನೇ ನಂಬರಿನ ನಮ್ಮ ಮನೆಗೆ ಅರವತ್ತೆರಡು. ಏಳನೇ ನಂಬರಿನ ಎದುರು ಮನೆಯವರು ಯಾರಾದರೂ ಕೇಳಿಕೊಂಡರೆ ಅವರಿಗೆ ಐವತ್ತೆಂಟು. ಈ ಅಲೆ ಗಾಳಿಯಲ್ಲಿ ಬಹುದೂರ ಬಾಳುವುದಿಲ್ಲ, ಮೂವತ್ತು ಅಡಿಯ ರಸ್ತೆ ದಾಟುವಷ್ಟರಲ್ಲಿ ಸಾಯುತ್ತದೆ ಎಂದು ಲೆಕ್ಕ ಹಾಕಿದ್ದರು. ನಮ್ಮ ಓಣಿಯ ಅಗಲ ಎಂಟು ಹೆಜ್ಜೆ. ಅದನ್ನು ಯಾರೂ ಅಳೆಯಲಿಲ್ಲ, ದಿನಾ ನಡೆಯುವ ನಾನು ಸಹ.

ಪಂಚಮಿಯ ಬೆಳಿಗ್ಗೆ ಮಣಿ ಹಾಕಿದಾಗ ಅತ್ತೆ ಮೊದಲು ಕೇಳಿದ್ದು ಗುರುಪಾದರ ದನಿ. "ಅವ್ವ, ಕೇಳಸ್ತೈತೇನು?" ಎಂದರು ಅವರು. ಅತ್ತೆ ಮಗನ ಗಲ್ಲ ಮುಟ್ಟಿ, "ನಿನ್ನ ಧ್ವನಿ ನಿಮ್ಮಪ್ಪನಂಗ ಆಗೇತಲ್ಲೋ" ಎಂದರು. ಗುರುಪಾದ ಮುಖ ತೊಳೆದುಕೊಂಡು ಬರುತ್ತೇನೆಂದು ಹಿತ್ತಲಿಗೆ ಹೋದರು. ಆ ದಿನ ನನಗಾದ ಸಂತೋಷವನ್ನು ಯಾವ ಗ್ರಾಫಿನಲ್ಲೂ ಹಾಕಿ ತೋರಿಸಲಾರೆ.

ಅದಾದ ಮೂರನೇ ದಿನವೇ ಆ ಉಪ್ಪಿನ ಮಾತು.

ನಾಲ್ಕನೇ ದಿನ ಅತ್ತೆ ಹೇಳಿದರು, "ಇವತ್ತ ಉಪ್ಪ ಬರೋಬ್ಬರಿ ಬಿದ್ದೈತಂತ." ಐದನೇ ದಿನ, ಚಂಪಕ್ಕನ ಮೊಮ್ಮಗಳು ಶ್ರಾವಣಿ ಚಂದ್ರನ ಮೇಲಿನ ನೆಲೆಯ ಅಡಿಗೆಮನೆ ಕೆಲಸಕ್ಕೆ ಅರ್ಜಿ ಹಾಕಿದ್ದಾಳೆಂದೂ, ಅವಳ ತಾಯಿ ಒಲ್ಲೆನೆಂದು ಹಟ ಹಿಡಿದಿದ್ದಾಳೆಂದೂ ನಮಗೆ ತಿಳಿಯಿತು. ಆರನೇ ದಿನ ಮೂಲೆಯ ಕುರ್ಚಿ ಪಡಸಾಲೆಯ ನಟ್ಟನಡುವೆ ಬಂದಿತ್ತು. ಅತ್ತೆ ಬೆಳಿಗ್ಗೆ ಬೇಗ ಸ್ನಾನ ಮುಗಿಸಿ ಅದರಲ್ಲಿ ಕೂರುತ್ತಿದ್ದರು, ನಗಬೇಕಾದಲ್ಲಿ ನಗುತ್ತಿದ್ದರು, ಆಗಾಗ "ಅಯ್ಯ ಇದರ!" ಎಂದು ತೊಡೆ ತಟ್ಟುತ್ತಿದ್ದರು.

ನಾನು ಕೇಂದ್ರಕ್ಕೆ ಹೋಗಿ ಬಾಗಿಲು ಹಾಕಿಕೊಂಡೆ. ಉಳಿದಿದ್ದ ಚೂರೊಂದನ್ನು ಎರಡು ದಿನ ಅಳೆದೆ, ದೋಷಪಟ್ಟಿ ತುಂಬಿದೆ, ಎರಡನೇ ಮಾದರಿಯನ್ನು ಓಡಿಸಿದೆ. ಆ ಚೌಕದ ಟಿಕ್ಕನ್ನು ಕೈಯಾರೆ ತೆಗೆದೆ.

ಪರದೆಯ ಮೇಲೆ ಶಿಖರ ಎರಡು ಎದ್ದವು. ಅರವತ್ತೆರಡರಲ್ಲಿ ಒಂದು, ಐವತ್ತೆಂಟರಲ್ಲಿ ಒಂದು, ಎತ್ತರ ಹೆಚ್ಚುಕಡಿಮೆ ಸಮ. ಅರವತ್ತೆರಡರಿಂದ ಅರವತ್ತು ಕಳೆದರೆ ಎರಡು. ಅರವತ್ತರಿಂದ ಐವತ್ತೆಂಟು ಕಳೆದರೂ ಎರಡೇ. ಮಿಕ್ಸರ್‌ಗೆ ವ್ಯತ್ಯಾಸ ಗೊತ್ತು, ಯಾವ ಕಡೆಯದೆಂದು ಗೊತ್ತಿಲ್ಲ. ಬೇಡದ ಕಡೆಯಿಂದ ಬರುವ ಈ ಅಲೆಗೆ ನಮ್ಮ ಕಸುಬಿನಲ್ಲಿ ಪ್ರತಿಬಿಂಬ ಎನ್ನುತ್ತಾರೆ. ಅದನ್ನು ತಡೆಯಲು ಮಿಕ್ಸರ್‌ನ ಮುಂದೆ ಒಂದು ಸೋಸುಕ ಇಡಬೇಕು. ಆದರ್ಶ ಮಾದರಿ ಪ್ರತಿಬಿಂಬವನ್ನೇ ಕಾಣದ್ದರಿಂದ ನಾನು ಸೋಸುಕ ಇಟ್ಟಿರಲಿಲ್ಲ. ನಲವತ್ತು ಮಣಿಯೂ ಹೀಗೇ ಇದ್ದವು, ಆದರೆ ಮೈಗೆ ಮೈ ತಾಗುವಂಥ ಓಣಿಯಲ್ಲಿ ಎದುರುಬದುರು ಪೆಟ್ಟಿಗೆ ಇದ್ದದ್ದು ನಮ್ಮಲ್ಲಿ ಮಾತ್ರ.

ಎದುರುಬದುರು ಪೆಟ್ಟಿಗೆ! ಚಂಪಕ್ಕನ ಮನೆಯ ಗೋಡೆಯಲ್ಲಿ ಪೆಟ್ಟಿಗೆ ಇದೆಯೆಂದರೆ ಆ ಮನೆಯಲ್ಲಿ ಯಾರದೋ ಕಿವಿಯ ಹಿಂದೆ ಮಣಿಯೂ ಇರಬೇಕು. ಇಷ್ಟು ಸಣ್ಣ ಸಂಗತಿ ನನ್ನ ತಲೆಗೆ ಹೋಗಲು ಇಷ್ಟು ದಿನ ಬೇಕಾಯಿತು. ಮಣಿ ಪಡೆದವರ ಹೆಸರು ಗುಟ್ಟಾಗಿರಲಿ ಎಂದು ನಮಗೆ ಬರೀ ಮನೆ ನಂಬರು ಕೊಟ್ಟಿದ್ದರು. ಪಟ್ಟಿ ತೆರೆದರೆ ಏಳನೇ ನಂಬರು ಕಣ್ಣೆದುರಿಗೇ ಇತ್ತು. ಚಂಪಕ್ಕ ಎರಡು ವರ್ಷದಿಂದ ಸೆರಗನ್ನು ಕಿವಿ ಮುಚ್ಚುವಂತೆ ಹೊದ್ದು ಓಡಾಡುತ್ತಿದ್ದದ್ದು ಚಳಿಗಲ್ಲ, ಕಿವಿ ಕೇಳದ್ದನ್ನು ಮರೆಮಾಚಲು. ಅವಳ ಮಣಿಗೆ ನಮ್ಮ ಮನೆಯೇ ಪ್ರತಿಬಿಂಬ. ಅತ್ತೆ ಅವಳ ಮನೆಯನ್ನು ಎಷ್ಟು ಕೇಳುತ್ತಿದ್ದರೋ ಅವಳೂ ನಮ್ಮ ಮನೆಯನ್ನು ಅಷ್ಟೇ ಕೇಳುತ್ತಿದ್ದಳು. ಹಿಂದಿನ ದಿನ ನಾನು ಗುರುಪಾದರಿಗೆ ಅಡಿಗೆಮನೆಯಲ್ಲಿ ಏನೇನು ಅಂದಿದ್ದೆನೆಂದು ಒಂದೊಂದಾಗಿ ನೆನಪಿಸಿಕೊಂಡೆ.

ಆ ಸಂಜೆ ಬೇಗ ಮನೆಗೆ ಬಂದು, ಪಡಸಾಲೆಯಲ್ಲಿ ಬಟ್ಟೆ ಮಡಚುವ ನೆಪ ಮಾಡಿ ಕುಳಿತೆ. ಅತ್ತೆ ನನ್ನ ಕಡೆ ತಿರುಗಿದರು, ಆದರೆ ದನಿ ಮಾತ್ರ ಗೋಡೆಯ ಪೆಟ್ಟಿಗೆಗೆ ಮುಟ್ಟುವಷ್ಟು ದೊಡ್ಡದಿತ್ತು.

"ಕೆಲವರು ಹುಡುಗೀನ್ನ ಚಂದ್ರನ ಮ್ಯಾಲೆ ಕಳಸಾಕ ನಿಂತಾರ. ಇಲ್ಲೆ ರೊಟ್ಟಿ ಬಡಿಯಾಕ ಬರಂಗಿಲ್ಲ, ಅಲ್ಲಿ ಹೋಗಿ ಏನ್ ಬಡೀತಾಳೋ!"

ಇಷ್ಟು ಹೇಳಿ ಕಣ್ಣು ಕಿರಿದು ಮಾಡಿ ಕಾಯ್ದರು. ಆಮೇಲೆ, "ಹಾಂ! ಬರತೈತಂತ. ಯಾರ ಕಲಿಸ್ಯಾರಂತ ಕೇಳು" ಎಂದರು.

"ಯಾರನ್ನ ಕೇಳ್ಲಿ ಅತ್ತೀ?"

"ಯಾರನ್ನೂ ಬ್ಯಾಡ. ನಾ ಸುಮ್ನ ಅಂದೆ."

ಆಗ ನನಗೆ ಪೂರ್ತಿ ತಿಳಿಯಿತು. ಈ ಇಬ್ಬರು ಮುದುಕಿಯರು, ತಂತಮ್ಮ ಮನೆಯಲ್ಲಿ ತಂತಮ್ಮ ಸೊಸೆಯರನ್ನು ಎದುರಿಗೆ ಕೂಡಿಸಿಕೊಂಡು, ಕೆಲವು ದಿನಗಳಿಂದ ಪರಸ್ಪರ ಮಾತಾಡುತ್ತಿದ್ದರು. 'ಕೆಲವರು' ಎಂದರೆ ನೀನು. 'ಯಾರೋ ಅಂತಾರ' ಎಂದರೆ ನಾನು. ಇಬ್ಬರಿಗೂ ಗೊತ್ತು. ಆದರೆ ಇಪ್ಪತ್ತೆರಡು ವರ್ಷದ ಮೌನ ಮುರಿದವಳು ತಾನೆಂದು ಒಪ್ಪಿಕೊಳ್ಳಲು ಇಬ್ಬರೂ ತಯಾರಿಲ್ಲ.

ಆ ಮೌನದ ಕಾರಣ ಒಂದು ಸ್ಟೀಲಿನ ಡಬ್ಬಿ. ಒಂದು ಪಂಚಮಿಗೆ ಅತ್ತೆ ಅದರ ತುಂಬ ಶೇಂಗಾ ಉಂಡಿ ಹಾಕಿ ಎದುರು ಮನೆಗೆ ಕಳಿಸಿದ್ದರು. ಬಂದ ಪಾತ್ರೆಯನ್ನು ಬರಿದು ಮಾಡಿ ತಿರುಗಿ ಕೊಡಬಾರದು, ಏನಿಲ್ಲವೆಂದರೆ ಒಂದು ಚಿಟಿಕೆ ಸಕ್ಕರೆಯನ್ನಾದರೂ ಹಾಕಬೇಕು ಎಂಬುದು ನಮ್ಮ ಕಡೆಯ ಪದ್ಧತಿ. ಡಬ್ಬಿ ಖಾಲಿ ಬಂತು. ಅದೂ ತೊಳೆದು, ಒರೆಸಿ, ಫಳಫಳ ಹೊಳೆಯುತ್ತ ಬಂತು. ಅತ್ತೆ ಆ ಡಬ್ಬಿಯನ್ನು ಅಡಿಗೆಮನೆಯ ಗೋಡೆಯ ಮಾಡದಲ್ಲಿ ಬೋರಲು ಹಾಕಿದರು, ಆಮೇಲೆ ಆ ಮನೆಯ ಹೆಸರೆತ್ತಲಿಲ್ಲ.

ಕೇಂದ್ರದ ನಿಯಮ ಸ್ಪಷ್ಟ ಇತ್ತು. ದೋಷ ಕಂಡ ದಿನವೇ ವರದಿ ಬರೆಯಬೇಕು, ಅಷ್ಟೂ ಮಣಿಗಳನ್ನು ಕೂಡಲೇ ವಾಪಸು ತರಬೇಕು, ಮೂರನೇ ಮಾದರಿಯಲ್ಲಿ ಒಂಬತ್ತು ದಿನ ಓಡಿಸಿ ಸೋಸುಕ ಸೇರಿಸಿದ ಮೇಲೆಯೇ ಮರಳಿ ಕೊಡಬೇಕು. ನಾನು ನಾಲ್ಕು ದಿನ ವರದಿ ಬರೆಯಲಿಲ್ಲ. ಅತ್ತೆಯ ನಗು ಕೇಳುತ್ತ ಕುಳಿತೆ. ಇನ್ನೊಬ್ಬರ ಮನೆಯ ಮಾತು ಕದ್ದು ಕೇಳುವ ಯಂತ್ರವನ್ನು ನಾನೇ ಮಾಡಿ, ನಾನೇ ಮುಚ್ಚಿಡುತ್ತಿದ್ದೇನೆ ಎಂಬ ಅರಿವಿತ್ತು. ಐದನೇ ದಿನ ಬುಧವಾರ. ಊಟ ಅರ್ಧಕ್ಕೆ ಬಿಟ್ಟು ಎದ್ದು ಹೋಗಿ ತೋಟಗಂಟಿ ಸರ್ ಮುಂದೆ ಎರಡು ಶಿಖರದ ಕಾಗದ ಇಟ್ಟೆ.

ಅವರು ಅದನ್ನು ನೋಡಿದರು, ತಿರುಗಿ ಗೋಡೆಯ ಕಟ್ಟಿನೊಳಗಿನ ಒಂದು ಶಿಖರವನ್ನು ನೋಡಿದರು.

"ಇದೂ ಚಂದನ ಐತಿ ಬಿಡ್ರಿ. ಜೋಡಿ ಐತಿ," ಎಂದರು ಕೊನೆಗೆ. ಆಮೇಲೆ ದೊಡ್ಡ ಉಸಿರು ಬಿಟ್ಟು, "ಗಾಡಿ ತಗೀರಿ. ಇವತ್ತನ ಎಲ್ಲಾ ಮಣಿ ತರೋಣು. ಮೊದ್ಲ ನಿಮ್ಮ ಓಣಿ," ಎಂದರು.

ನಾವು ಮನೆ ಮುಟ್ಟಿದಾಗ ಪಡಸಾಲೆಯಲ್ಲಿ ಯುದ್ಧ ತಾರಕಕ್ಕೇರಿತ್ತು. ಗುರುಪಾದ ಶಾಲೆಯಿಂದ ಬಂದು ಚಹಾ ಕುಡಿಯುತ್ತಿದ್ದರು. ಅತ್ತೆ ಎದ್ದು ನಿಂತಿದ್ದರು.

"ಕೆಲವರು ಬಂದ ಡಬ್ಬಿ ತೊಳದು ಬರೇದ ಕಳಸ್ತಾರ! ಅದೇನ್ ರೀತಿಯೋ, ಅದೇನ್ ಮನಿತನಾನೋ!"

ಅವರು ಕಾಯ್ದರು. ನಾವೂ ಕಾಯ್ದೆವು. ಅತ್ತೆಯ ಮುಖದ ಬಣ್ಣ ಬದಲಾಯಿತು.

"ಏನಂತಾಳಿಕಿ? ಐದು ಬೇಸನ್ ಉಂಡಿ ಹಾಕಿ ಕಳಸಿದ್ಲಂತ!" 'ಕೆಲವರು' ಎಂಬುದು ಮರೆತುಹೋಗಿತ್ತು. "ಯಾರ ಕೈಯಾಗ ಕೊಟ್ಟಿದ್ದಿ? ಹೇಳು ನೋಡೂಣು, ಯಾರ ಕೈಯಾಗ?"

ಮತ್ತೆ ಕಾಯ್ದರು. ಆಮೇಲೆ ನಿಧಾನವಾಗಿ ತಿರುಗಿ ತಮ್ಮ ಮಗನನ್ನು ನೋಡಿದರು. ಗುರುಪಾದರ ಚಹಾ ನೆತ್ತಿಗೇರಿತು.

"ನಂಗ ಪೇಪರ್ ತಿದ್ದೂವು ಅದಾವ," ಎಂದು ಅವರು ಎದ್ದರು.

ಇಂಥ ಹೊತ್ತಿನಲ್ಲಿ ನಾನು ಅತ್ತೆಯ ಕಿವಿಯ ಹಿಂದಿನ ಮಣಿಗೆ ಕೈ ಹಚ್ಚಬೇಕಾಯಿತು. ವಿಷಯ ಹೇಳಿದೆ. ಅವರು ನನ್ನ ಕೈ ಹಿಡಿದುಕೊಂಡರು.

"ಕುಮುದಾ, ಮೂರು ವರ್ಷ ಆ ಮೂಲ್ಯಾಗ ಕುಂತಿದ್ದೆ. ಮತ್ತ ಅಲ್ಲೆ ಕುಂಡರಸ್ತೀ ಏನು?"

"ಒಂಬತ್ತ ದಿನ ಅಷ್ಟ ಅತ್ತೀ."

"ರವಿವಾರದ ತನಕಾದ್ರೂ ಇರ್ಲಿ. ಆ ಹುಡುಗಿ ಪತ್ರ ಬರೂದೈತಿ ಅವತ್ತ. ಹೋಗ್ತಾಳೋ ಇಲ್ಲೋ ತಿಳೀಲಿ. ಆಮ್ಯಾಲೆ ನೀ ಕಿವಿನ ಕೊಯ್ಕೊಂಡ ಹೋಗು."

ನನಗೆ ಅಳು ಬಂತು. ಆದರೂ ತೆಗೆದೆ. ಬಾಗಿಲಾಚೆ, ತೋಟಗಂಟಿ ಸರ್ ಎದುರು ಮನೆಯ ಮೆಟ್ಟಿಲಿಳಿದು ಬರುವುದು ಕಂಡಿತು. ಅವರ ಕೈಯಲ್ಲೂ ಒಂದು ಪುಟ್ಟ ಡಬ್ಬಿ, ಅದರಲ್ಲಿ ಚಂಪಕ್ಕನ ಮಣಿ ಇತ್ತು. ಗುರುಪಾದ ಏನು ಉತ್ತರ ಕೊಟ್ಟರೆಂದು ಆ ಮನೆಗೆ ತಿಳಿಯುವ ದಾರಿ ಅಲ್ಲಿಗೆ ಮುಚ್ಚಿತು. ಅಸಲಿಗೆ ಅವರು ಉತ್ತರ ಕೊಟ್ಟಿರಲೇ ಇಲ್ಲ.

ಕುರ್ಚಿ ಮೂಲೆಗೆ ಹೋಯಿತು. ಗುರುವಾರ, ಶುಕ್ರವಾರ, ಶನಿವಾರ ಅತ್ತೆ ಯಾರ ಕೂಡ ಮಾತಾಡಲಿಲ್ಲ. ಮಗನನ್ನು ಮಾತ್ರ ಆಗಾಗ ದಿಟ್ಟಿಸಿ ನೋಡುತ್ತಿದ್ದರು. ಗುರುಪಾದ ಆ ಮೂರೂ ದಿನ ಬೇಗ ಶಾಲೆಗೆ ಹೋಗಿ ತಡವಾಗಿ ಬಂದರು. ಕೇಂದ್ರದಲ್ಲಿ ಮೂರನೇ ಮಾದರಿ ತೆವಳುತ್ತಿತ್ತು. ನೂರಕ್ಕೆ ಮೂವತ್ತು, ನೂರಕ್ಕೆ ಮೂವತ್ತೊಂದು. ಪರದೆಯ ಮುಂದೆ ಕುಳಿತು ಅದನ್ನು ನೋಡುವುದು, ಸಂಜೆ ಮನೆಗೆ ಬಂದು ಆ ಕುರ್ಚಿಯನ್ನು ನೋಡುವುದು, ಇಷ್ಟೇ ನನ್ನ ಕೆಲಸವಾಯಿತು.

ರವಿವಾರ ನಮ್ಮ ಪಡಸಾಲೆಯಲ್ಲಿ ಗುರುಪಾದರ ಗಣಿತ ಪಾಠ. ಹತ್ತನೇ ತರಗತಿಯ ಹನ್ನೊಂದು ಮಕ್ಕಳು ಚಾಪೆಯ ಮೇಲೆ ಕುಳಿತಿದ್ದರು. ಹನ್ನೊಂದು ಗಂಟೆಯ ಸುಮಾರಿಗೆ ಅಂಚೆಯ ಡ್ರೋನು ಓಣಿಗಿಳಿದು ಚಂಪಕ್ಕನ ಹೊಸ್ತಿಲ ಮೇಲೆ ಒಂದು ಲಕೋಟೆ ಇಟ್ಟು ಹಾರಿಹೋಯಿತು. ಬಾಗಿಲು ತೆರೆಯಿತು, ಒಂದು ಕೈ ಲಕೋಟೆ ಎತ್ತಿಕೊಂಡಿತು, ಬಾಗಿಲು ಮುಚ್ಚಿತು.

ಅತ್ತೆ ಕಿಟಕಿಯ ಸರಳು ಹಿಡಿದು ನಿಂತಿದ್ದರು. ಮುಚ್ಚಿದ ಬಾಗಿಲನ್ನು ನೋಡಿದರು. ನನ್ನನ್ನು ನೋಡಿದರು. ನನಗೂ ಏನೂ ಕೇಳಿಸದೆಂದು ಕೈಯಾಡಿಸಿದೆ. ಅವರು ತಮ್ಮ ಕಿವಿಯ ಹಿಂದೆ, ಮಣಿ ಇದ್ದ ಜಾಗವನ್ನು ಒಮ್ಮೆ ಮುಟ್ಟಿ ನೋಡಿಕೊಂಡರು.

ಆಮೇಲೆ ಅಡಿಗೆಮನೆಗೆ ಹೋದರು. ಮಾಡದಿಂದ ಆ ಡಬ್ಬಿಯನ್ನು ಇಳಿಸಿದರು. ಮುಚ್ಚಳದ ಮೇಲೆ ಅವರ ಹೆಸರು ಚುಕ್ಕೆಚುಕ್ಕೆಯಾಗಿ ಕೊರೆದದ್ದು ಇನ್ನೂ ಇತ್ತು. ಸೆರಗಿನಿಂದ ಒರೆಸಿ, ಹಬ್ಬಕ್ಕೆ ಮಾಡಿ ಉಳಿದಿದ್ದ ಶೇಂಗಾ ಉಂಡಿಯನ್ನೆಲ್ಲ ಅದರಲ್ಲಿ ತುಂಬಿ, ಕಾಲಿಗೆ ಚಪ್ಪಲಿಯನ್ನೂ ಹಾಕದೆ ಓಣಿಗಿಳಿದರು. ಎಂಟು ಹೆಜ್ಜೆ. ನಾನು ಬಾಗಿಲಲ್ಲೇ ನಿಂತೆ.

ಅವರು ಬಾಗಿಲು ಬಡಿಯುವ ಮೊದಲೇ ಅದು ತೆರೆಯಿತು. ಚಂಪಕ್ಕ ಹೊಸ್ತಿಲ ಮೇಲಿದ್ದಳು. ಅವಳ ಕಾಲಲ್ಲೂ ಚಪ್ಪಲಿ ಇರಲಿಲ್ಲ. ಅವಳೂ ಹೊರಟವಳೇ. ಇಬ್ಬರೂ ಒಬ್ಬರನ್ನೊಬ್ಬರು ನೋಡುತ್ತ ನಿಂತರು. ಎದುರುಬದುರಿದ್ದೂ ಇಷ್ಟು ಹತ್ತಿರದಿಂದ ನೋಡದೆ ಎಷ್ಟು ಕಾಲವಾಗಿತ್ತೋ! ಒಬ್ಬರ ತಲೆ ಇನ್ನೊಬ್ಬರಿಗೆ ಪೂರ್ತಿ ಬೆಳ್ಳಗೆ ಕಂಡಿರಬೇಕು.

ಅತ್ತೆ ಮುಂದೆ ಬಾಗಿ ಚಂಪಕ್ಕನ ಸೆರಗು ಸರಿಸಿ, ಕಿವಿಗೆ ಬಾಯಿ ಹಚ್ಚಿ ಒದರಿದರು.

"ಏನ್ ಬಂತು ಪತ್ರದಾಗ?"

"ಆಂ?"

"ಪತ್ರಾ! ಹುಡುಗಿ ಹೋಗ್ತಾಳೇನು?"

ಚಂಪಕ್ಕ ಅತ್ತೆಯ ತಲೆಯನ್ನು ಎರಡೂ ಕೈಯಲ್ಲಿ ಹಿಡಿದು ಅವರ ಕಿವಿಗೆ ಒದರಿದಳು. "ಆರಿಸ್ಯಾರ! ಮುಂದಿನ ತಿಂಗಳ ಹೋಗ್ತಾಳ! ಅವರವ್ವನೂ ಹೂಂ ಅಂದ್ಲು!"

"ಅಯ್ಯ ನಮ್ಮವ್ವಾ! ನಾ ಹೇಳಿರಲಿಲ್ಲೇನು?" ಎಂದು ಒದರಿದರು ಅತ್ತೆ, ಅಂಥದ್ದೇನೂ ಹೇಳಿರದಿದ್ದರೂ.

"ಹೇಳಿದ್ದಿ! ರೊಟ್ಟಿ ಬರಂಗಿಲ್ಲ ಅಂತ ಹೇಳಿದ್ದಿ! ಅದಿರ್ಲಿ, ನೀ ಮೊದ್ಲ ಹೇಳು. ಬುಧವಾರ ಅರ್ಧಕ್ಕ ನಿಂತೈತಿ. ನಿನ್ನ ಮಗ ಏನಂದ?"

ಅತ್ತೆ ನಮ್ಮ ಮನೆಯ ಕಡೆ ತಿರುಗಿದರು. "ಗುರುಪಾದಾ!"

ಗುರುಪಾದ ಕಪ್ಪು ಹಲಗೆಯ ಮೇಲೆ ವರ್ಗ ಸಮೀಕರಣ ಬಿಡಿಸುತ್ತಿದ್ದರು. ಸೀಮೆಸುಣ್ಣ ಕೈಯಲ್ಲೇ ಹಿಡಿದು ಹೊರಗೆ ಬಂದರು. ಹನ್ನೊಂದು ಮಕ್ಕಳು ಬಾಗಿಲಿಗೆ ಮುಗಿಬಿದ್ದರು. ಗುರುಪಾದ ನನ್ನ ಮುಖ ನೋಡಿದರು. ನನ್ನ ಹತ್ತಿರ ಅವರಿಗೆ ಕೊಡಲು ಯಾವ ಸೋಸುಕವೂ ಇರಲಿಲ್ಲ. ಅವರು ಎಂಟು ಹೆಜ್ಜೆ ದಾಟಿ, ಚಂಪಕ್ಕನ ಕಿವಿಯ ಹತ್ತಿರ ಬಾಗಿ ಮೆಲ್ಲಗೆ ಏನೋ ಅಂದರು.

"ಆಂ?" ಎಂದಳು ಚಂಪಕ್ಕ.

"ನಾ ತಿಂದೆ!"

"ಗಟ್ಟ್ಯಾಗಿ ಹೇಳೋ, ನನಗೂ ಕೇಳ್ಲಿ!" ಎಂದು ಅತ್ತೆ ತಮ್ಮ ಕಿವಿ ಮುಂದೆ ಮಾಡಿದರು.

ಇಂಥ ಗಳಿಗೆಯಲ್ಲೂ ನನ್ನ ಗಂಡನ ಒಳಗಿನ ಗಣಿತದ ಮಾಸ್ತರ ಸುಮ್ಮನಿರಲಿಲ್ಲ. ಅವರು ಎದೆಯ ತುಂಬ ಉಸಿರು ತುಂಬಿಕೊಂಡು ಒದರಿದರು. "ನಾನ ತಿಂದೆ ಅವ್ವ! ಬಾವಿಕಟ್ಟಿ ಹಿಂದ ಕುಂತು ತಿಂದೆ! ಡಬ್ಬಿ ನಾನ ತೊಳದೆ! ಆದ್ರ ಅವು ಐದಲ್ಲ, ಆರಿದ್ವು!"

ಚಂಪಕ್ಕ ಲೆಕ್ಕ ಹಾಕಿದಳು. "ಹೌದಲ್ಲ! ಐದು ಹಾಕಿ, ಡಬ್ಬಿ ಒಯ್ಯೂ ಹುಡುಗಗಂತ ಮ್ಯಾಲೊಂದು ಹಾಕಿದ್ದೆ!" ಎಂದು ಒದರಿ ಅತ್ತೆಯ ಹೆಗಲ ಮೇಲೆ ಬಿದ್ದು ನಗತೊಡಗಿದಳು. ಅತ್ತೆ ನಗುತ್ತಿದ್ದರೋ ಅಳುತ್ತಿದ್ದರೋ ನನಗೆ ತಿಳಿಯಲಿಲ್ಲ. ಓಣಿಯ ಹದಿನಾಲ್ಕು ಮನೆಯ ಕಿಟಕಿಗಳೂ ತೆರೆದಿದ್ದವು. ಯಾವ ಮಣಿಯೂ ಪೆಟ್ಟಿಗೆಯೂ ಇಲ್ಲದೆ ಸಂಗತಿ ಎಲ್ಲರಿಗೂ ಮುಟ್ಟಿತು. ಸೋಮವಾರ ಶಾಲೆಗೂ ಮುಟ್ಟಿತು. ಗುರುಪಾದರ ತರಗತಿಯ ಹಲಗೆಯ ಮೇಲೆ ಯಾರೋ ಆರು ಸೊನ್ನೆ ಬರೆದಿಟ್ಟಿದ್ದರಂತೆ.

ಮೂರನೇ ಮಾದರಿ ಹೇಳಿದ ಕಾಲಕ್ಕೆ ಮುಗಿಯಿತು. ಸೋಸುಕ ಸೇರಿಸಿದ ಹೊಸ ಮಣಿಗಳು ಬಂದವು. ಅವು ತಂತಮ್ಮ ಮನೆ ಬಿಟ್ಟು ಬೇರೇನನ್ನೂ ಕೇಳುವುದಿಲ್ಲ. ನಾನು ಮೂರು ಸಲ ಅಳೆದು ನೋಡಿದ್ದೇನೆ. ತೋಟಗಂಟಿ ಸರ್ ಕಟ್ಟಿನೊಳಗಿನ ಹಳೆಯ ಗ್ರಾಫನ್ನು ಇಳಿಸಿ ಎರಡು ಶಿಖರದ್ದನ್ನು ಏರಿಸಿದ್ದಾರೆ. ಅವರಿಗೆ ಅದೇ ಹೆಚ್ಚು ಒಪ್ಪುತ್ತದೆ.

ಕಳೆದ ವಾರ ಅವರು ಮಣಿಗಳ ಬಳಕೆಯ ದಾಖಲೆ ತಿರುವಿಹಾಕುತ್ತ ನನ್ನನ್ನು ಕರೆದರು.

"ಕುಮುದಾ ಅವ್ರ, ಇಲ್ಲೇನೋ ದೋಷ ಐತಿ ನೋಡ್ರಿ. ಏಳನೇ ನಂಬರು, ಎಂಟನೇ ನಂಬರು, ಎರಡೂ ಮಣಿ ದಿನಾ ಹನ್ನೊಂದರಿಂದ ಒಂದರ ತನಕ ಬಂದ್ ಇರ್ತಾವ. ಆ ಹೊತ್ತಿನ್ಯಾಗ ಅವರಿಗೆ ಏನೂ ಕೇಳಸಂಗಿಲ್ಲೇನು?"

ಹನ್ನೊಂದಕ್ಕೆ ಸರಿಯಾಗಿ ಅತ್ತೆ ಮಣಿ ತೆಗೆದು ನನ್ನ ಕೈಗೋ, ನಾನಿಲ್ಲದಿದ್ದರೆ ದೇವರ ಮುಂದಿನ ತಟ್ಟೆಗೋ ಹಾಕಿ, ಡಬ್ಬಿ ಹಿಡಿದು ಎಂಟು ಹೆಜ್ಜೆ ದಾಟುವುದು ನನ್ನ ಕಣ್ಣಿಗೆ ಕಟ್ಟಿತು.

"ದೋಷ ಅಲ್ರಿ ಸರ್," ಎಂದೆ. "ಆ ಹೊತ್ತಿನ್ಯಾಗ ಅವರಿಗೆ ಕೇಳಸ್ತೈತ್ರಿ."